ಮೆಟ್ಟಿಲೂ ಬೇಡ, ಮರಕ್ಕೆ ನೀರೂ ಬೇಡ: ಮಲೆನಾಡಿನ ಮರದ ಮನೆಗೆ ಗಾಲಿಕುರ್ಚಿ ಹೋಗುವ ದಾರಿ

ಅಮ್ಮನ ಸೊಂಟದ ಮೂಳೆ ಮುರಿದದ್ದು ಆಷಾಢದಲ್ಲಿ. ಆಪರೇಷನ್ ಮುಗಿಸಿ ಬಂದಾಗ ಕೈಯಲ್ಲಿ ವಾಕರ್, ಜೀಪಿನ ಹಿಂದೆ ಗಾಲಿಕುರ್ಚಿ. ಮನೆ ಮುಂದೆ ಮಾತ್ರ ಎಂದಿನ ಹಾಗೆ ನಾಲ್ಕು ಮೆಟ್ಟಿಲು. ಮರದ ಕಂಬ, ಮರದ ಗೋಡೆ, ಹಂಚಿನ ಮಾಡು ಇರುವ ಮನೆ ನಮ್ಮದು, ತೀರ್ಥಹಳ್ಳಿ ಕಡೆ. ಮೇಸ್ತ್ರಿಯನ್ನು ಕರೆಸಿದೆವು. "ಅದಕ್ಕೆಂಥ ಯೋಚ್ನೆ ಮಾರಾಯ್ರೇ, ಎರಡು ಲೋಡ್ ಮಣ್ಣು ಹಾಕಿ ಮೇಲೆ ಕಾಂಕ್ರೀಟ್ ಹೊಡೆದ್ರೆ ಆಯ್ತು" ಅಂದರು. ಹಾಗೇ ಮಾಡಿದೆವು. ಹೊಸ್ತಿಲಿಗೆ ತಾಗುವ ಹಾಗೆ ಚೆಂದದ ಇಳಿಜಾರು.

ಎರಡು ಮಳೆಗಾಲ ಕಳೆಯಿತು. ದಾರಂದದ, ಅಂದರೆ ಬಾಗಿಲ ಚೌಕಟ್ಟಿನ, ಕಾಲಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಚಹಾದಲ್ಲಿ ಅದ್ದಿದ ರಸ್ಕಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಪಕ್ಕದ ಗೋಡೆಯ ಅಡಿಪಟ್ಟಿಯೂ ಲಡ್ಡಾಗಿತ್ತು. ಕಾಂಕ್ರೀಟಿನ ಹಿಂದೆ ಕಣ್ಣಿಗೆ ಬೀಳದ ಹಾಗೆ ಗೆದ್ದಲು ಗೂಡು ಕಟ್ಟಿತ್ತು. ಮತ್ತೆ ಒಡೆದು, ಮತ್ತೆ ಕಟ್ಟಿದೆವು. ಆ ಎರಡನೇ ಸಲ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಮರದ ಮನೆ ಕಟ್ಟುವವರಿಗೆ ಇದು ಜಾಸ್ತಿ ಉಪಯೋಗ. ಹಳೇ ಮನೆ ಇರುವವರಿಗೆ ಕೊನೆಯ ಭಾಗದಲ್ಲಿ ಬೇರೆ ಮಾತಿದೆ.

ಮೊದಲು ಒಂದು ಗಂಟು ಬಿಡಿಸಿಕೊಳ್ಳಿ

ನಮ್ಮ ಹಿರಿಯರು ಜಗಲಿಯನ್ನು ಎತ್ತರಕ್ಕೆ ಕಟ್ಟಿದ್ದು ಸುಮ್ನೆ ಅಲ್ಲ. ಕೊಡಗಿನ ಐನ್‌ಮನೆಯನ್ನೇ ನೋಡಿ, ನಮ್ಮ ಕಡೆಯ ತೊಟ್ಟಿ ಮನೆಯನ್ನೇ ನೋಡಿ, ಮೆಟ್ಟಿಲು ಹತ್ತಿಯೇ ಒಳಗೆ ಹೋಗಬೇಕು. ಮರ ನೆಲದಿಂದ ದೂರ ಇರಲಿ ಎಂಬುದು ಲೆಕ್ಕಾಚಾರ. ಬೇರೆ ದೇಶಗಳಲ್ಲೂ ಇದೇ ಲೆಕ್ಕ ಇದೆ. ಜರ್ಮನಿಯ ಮರಗೆಲಸದ ನಿಯಮದಲ್ಲಿ ಹೊರನೆಲದಿಂದ ಮರಕ್ಕೆ ಸಾಮಾನ್ಯವಾಗಿ 15 ಸೆಂ.ಮೀ. ಅಂತರ ಬೇಕು. ಅಮೆರಿಕದಲ್ಲಿ ಅಡಿಪಾಯದ ಮೇಲಿನ ಮರ ಮಣ್ಣಿಗೆ 8 ಇಂಚಿಗಿಂತ ಹತ್ತಿರ ಬಂದರೆ ಕೆಡದ ಜಾತಿಯ ಮರವನ್ನೋ ಔಷಧಿ ಹಾಕಿದ ಮರವನ್ನೋ ಬಳಸಬೇಕು. ಜರ್ಮನಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿ.ಮೀ. ಆಗುಂಬೆಯಲ್ಲಿ ಅದು 7,000 ಮಿ.ಮೀ. ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಹಾಗಾಗಿ ನಾನು 12 ಇಂಚಿಗಿಂತ ಕಡಿಮೆ ಅಂತರಕ್ಕೆ ಒಪ್ಪುವುದಿಲ್ಲ. ಗಟ್ಟಿ ನೆಲಕ್ಕೆ ಬಿದ್ದ ಹನಿ ಒಂದು ಅಡಿ ಚಿಮ್ಮುವುದನ್ನು ಅಂಗಳದ ಗೋಡೆ ಮೇಲಿನ ಕೆಸರಿನ ಗೆರೆಯೇ ತೋರಿಸುತ್ತದೆ.

ಹಾಗಾದರೆ ಗಾಲಿಕುರ್ಚಿ ಒಳಗೆ ಹೋಗುವುದು ಹೇಗೆ? ಇಲ್ಲೇ ಎಲ್ಲರೂ ತಪ್ಪುವುದು. ನಾವೂ ಇಲ್ಲೇ ತಪ್ಪಿದ್ದೆವು. ಎತ್ತರದಲ್ಲಿ ಇರಬೇಕಾದದ್ದು ಮರ, ಮನೆಯ ನೆಲ ಅಲ್ಲ. ಇವೆರಡೂ ಬೇರೆ ಬೇರೆ. ಗೋಡೆಯ ಕೆಳಗಿನ ಒಂದು ಅಡಿಯನ್ನು ಜಂಬಿಟ್ಟಿಗೆಯಲ್ಲೋ ಕಾಂಕ್ರೀಟಿನಲ್ಲೋ ಕಟ್ಟಿ, ಮರದ ಗೋಡೆಯನ್ನು ಅದರ ಮೇಲಿಂದ ಶುರು ಮಾಡಿದರೆ, ಒಳಗಿನ ನೆಲ ಅಂಗಳಕ್ಕಿಂತ ಅರ್ಧ ಅಡಿ ಮಾತ್ರ ಎತ್ತರ ಇದ್ದರೂ ಮರ ಕೆಡುವುದಿಲ್ಲ. ಆಗ ಕಷ್ಟದ ಜಾಗ ಒಂದೇ ಉಳಿಯುತ್ತದೆ, ಬಾಗಿಲು. ಇಡೀ ಮನೆಯ ಚಿಂತೆಯನ್ನು ಮೂರೂವರೆ ಅಡಿ ಅಗಲಕ್ಕೆ ಇಳಿಸಿದ ಹಾಗಾಯಿತು.

1. ಮಳೆಯಲ್ಲಿ ನಿಂತು ನೋಡಿ

ನಕ್ಷೆ ಬರೆಸುವ ಮೊದಲು ಒಂದು ಜುಲೈ ತಿಂಗಳು ಆ ಜಾಗದಲ್ಲಿ ಕೊಡೆ ಹಿಡಿದು ನಿಲ್ಲಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಇರಿಚಲು ಯಾವ ಕಡೆಯಿಂದ ಹೊಡೆಯುತ್ತದೆ, ಧರೆಯಿಂದ (ಗುಡ್ಡ ಕಡಿದ ಕಡೆಯಿಂದ) ಇಳಿಯುವ ನೀರು ಎಲ್ಲಿ ಹರಿಯುತ್ತದೆ, ನೆಲದಲ್ಲಿ ಜಲ ಎಲ್ಲಿ ಏಳುತ್ತದೆ, ಈ ನಾಲ್ಕನ್ನೂ ಗುರುತು ಹಾಕಿಕೊಳ್ಳಿ. ಬೇಸಿಗೆಯಲ್ಲಿ ಸೈಟು ನೋಡಿ ಮನೆ ಕಟ್ಟಿಸುವುದು ಮದುವೆ ಮಂಟಪದಲ್ಲಿ ಹುಡುಗನನ್ನು ಮೊದಲ ಸಲ ನೋಡಿದ ಹಾಗೆ.

ಗಾಳಿಮಳೆ ನಮ್ಮಲ್ಲಿ ನೈಋತ್ಯದಿಂದ, ಪಶ್ಚಿಮದಿಂದ ಬರುತ್ತದೆ. ಆದ್ದರಿಂದ ಮೆಟ್ಟಿಲಿಲ್ಲದ ಬಾಗಿಲು ಪೂರ್ವಕ್ಕೋ ಈಶಾನ್ಯಕ್ಕೋ ಇರಲಿ. ವಾಸ್ತು ಹೇಳುವವರಿಗೂ ಖುಷಿ, ಜಗಳ ಇಲ್ಲ. ಮುಂಬಾಗಿಲೇ ಆಗಬೇಕೆಂದೇನೂ ಇಲ್ಲ. ನಮ್ಮಲ್ಲಿ ಮುಂದಿನ ನಾಲ್ಕು ಮೆಟ್ಟಿಲನ್ನು ಹಾಗೇ ಬಿಟ್ಟು, ಮನೆಯ ಪಕ್ಕಕ್ಕೆ ಹೊಸ ಬಾಗಿಲು ಇಟ್ಟೆವು. ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಮನೆಗೆ ಹೀಗೊಂದು ಲಾಭ ಇದೆ. ಮುಂದೆ ಎರಡು ಅಡಿ ಎತ್ತರ ಇದ್ದರೆ, ಪಕ್ಕದಲ್ಲೋ ಹಿಂದೆಯೋ ಅರ್ಧ ಮುಕ್ಕಾಲು ಅಡಿ ಮಾತ್ರ ಇರುತ್ತದೆ. ಆದರೆ ಮೇಲಿನಿಂದ ನೀರು ಬರುವುದೂ ಅದೇ ಕಡೆಯಿಂದ. ಅಲ್ಲಿ ಬಾಗಿಲು ಇಡುವುದಾದರೆ, ಧರೆ ಮತ್ತು ಮನೆಯ ನಡುವೆ ಬಸಿಗಾಲುವೆ ತೆಗೆಯುವುದು ಮೊದಲ ಕೆಲಸ. ಬಾಗಿಲು ಆಮೇಲೆ.

2. ಎತ್ತರ ಅಳೆಯಿರಿ, ಕಣ್ಣಂದಾಜು ಬೇಡ

ಲೆವೆಲ್ ಪೈಪಿನಲ್ಲಿ ನೀರು ತುಂಬಿ, ಒಳನೆಲಕ್ಕೂ ದಾರಿ ಶುರುವಾಗುವ ಜಾಗಕ್ಕೂ ಇರುವ ವ್ಯತ್ಯಾಸವನ್ನು ಸರಿಯಾಗಿ ಅಳೆಯಿರಿ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಗಾಲಿಕುರ್ಚಿಯ ದಾರಿಗೆ ಒಪ್ಪುವ ಅತಿ ಕಡಿದಾದ ಇಳಿಜಾರು 1:12. ಅಂದರೆ ಒಂದು ಇಂಚು ಏರಲು 12 ಇಂಚು ಓಟ. ಒಣ ನೆಲದಲ್ಲಿ, ತಳ್ಳುವವರು ಗಟ್ಟಿ ಇದ್ದರೆ ಇದು ಸಾಕು. ಪಾಚಿ ಕಟ್ಟುವ ಊರಿನಲ್ಲಿ, ಅರವತ್ತು ದಾಟಿದ ಅಪ್ಪ ಅಮ್ಮನನ್ನು ತಳ್ಳುವ ಮನೆಯಲ್ಲಿ ಇದು ಸಾಲದು. 1:20 ಇಟ್ಟುಕೊಳ್ಳಿ. ಜಾಗ ಇಲ್ಲದಿದ್ದರೆ 1:15.

ಲೆಕ್ಕ ಸುಲಭ. ನಮ್ಮ ಮುಂಬಾಗಿಲಿನ ಎರಡು ಅಡಿಗೆ 1:12ರಲ್ಲೂ 24 ಅಡಿ ಬೇಕಿತ್ತು, 1:20ಕ್ಕೆ 40 ಅಡಿ. ಮೇಸ್ತ್ರಿ ಕೊಟ್ಟದ್ದು ಹತ್ತೇ ಅಡಿ! ಅದನ್ನು ಹತ್ತಿಸುವಾಗ ನನಗೇ ಏದುಸಿರು, ಇಳಿಸುವಾಗ ಅಮ್ಮ ಕಣ್ಣು ಮುಚ್ಚುತ್ತಿದ್ದಳು. ಪಕ್ಕದ ಬಾಗಿಲಿನಲ್ಲಿ ವ್ಯತ್ಯಾಸ 9 ಇಂಚು. 1:20ರಲ್ಲಿ 15 ಅಡಿಗೆ ಮುಗಿಯಿತು.

ದಾರಿಯ ಅಗಲ 4 ಅಡಿ ಇರಲಿ. ಬಾಗಿಲ ಮುಂದೆ 5 ಅಡಿಗೆ 5 ಅಡಿ ಸಪಾಟು ಜಾಗ ಬೇಕೇ ಬೇಕು. ಇಲ್ಲದಿದ್ದರೆ ಬಾಗಿಲು ತೆಗೆಯುವಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ. ಬಾಗಿಲು ತೆರೆದಾಗ ಸಿಗುವ ಅಗಲ 900 ಮಿ.ಮೀ., ಅಂದರೆ ಸುಮಾರು 3 ಅಡಿ ಇರಬೇಕು. ದಾರಂದದ ಅಳತೆ ಹೇಳುವಾಗ ಇದನ್ನು ಆಚಾರಿಗೆ ಬಿಡಿಸಿ ಹೇಳಿ, ಯಾಕೆಂದರೆ ಅವರು ಹೇಳುವ 3 ಅಡಿ ಬಹಳ ಸಲ ಹೊರ ಅಳತೆ.

3. ಸೂರು ಉದ್ದ ಬಿಡಿ

ಈ ಲೇಖನದಲ್ಲಿ ಒಂದೇ ಮಾತು ಕೇಳುತ್ತೇನೆ ಎನ್ನುವವರು ಇದನ್ನು ಕೇಳಿ. ಬಾಗಿಲ ಮೇಲೆ ದೊಡ್ಡ ಮಾಡು ಇದ್ದರೆ ಉಳಿದ ಅರ್ಧ ತಪ್ಪು ಮಾಫಿ. ಸುತ್ತಲೂ ಕನಿಷ್ಠ 3 ಅಡಿ ಸೂರು, ಬಾಗಿಲ ಮುಂದಿನ ಸಪಾಟು ಜಾಗ ಪೂರ್ತಿ ಮುಚ್ಚುವ ಹಾಗೆ ಇನ್ನೂ ಎರಡು ಮೂರು ಅಡಿ ಹೆಚ್ಚು. ಛತ್ರಿ ಮಡಚಲು, ಒದ್ದೆ ಚಕ್ರ ಒರೆಸಲು, ಜೀಪಿನಿಂದ ಇಳಿಸಲು ಎಲ್ಲಕ್ಕೂ ಅದು ಬೇಕು.

ಸೂರಿನ ನೀರು ದಾರಿಗೆ ಬೀಳಬಾರದು. ದಂಬೆ ಕಟ್ಟಿ ಬೇರೆ ಕಡೆ ಸಾಗಿಸಿ. 1,000 ಚದರ ಅಡಿ ಮಾಡಿಗೆ ಗಂಟೆಗೆ 50 ಮಿ.ಮೀ. ಮಳೆ ಹೊಡೆದರೆ ಇಳಿಯುವ ನೀರು ಸುಮಾರು 4,600 ಲೀಟರ್. ಅದು ಬಾಗಿಲ ಮುಂದಿನ ಸಣ್ಣ ಚರಂಡಿಗೆ ಸೇರಿದರೆ ಯಾವ ಜಾಲರಿಯೂ ತಡೆಯುವುದಿಲ್ಲ. ಇರಿಚಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವ ಹಳೇ ಪದ್ಧತಿ ಈಗಲೂ ಒಳ್ಳೆಯದೇ. ಗಾಳಿ ಆಡುತ್ತದೆ, ನೀರು ಒಳಗೆ ಬರುವುದಿಲ್ಲ. ಪ್ಲಾಸ್ಟಿಕ್ ತಾಡಪಾಲು ಕಟ್ಟಿದರೆ ಒಳಗೆ ಗಾಳಿ ಕಟ್ಟಿ ಬೂಷ್ಟು ಬರುತ್ತದೆ.

4. ಹೊಸ್ತಿಲು: ನಿಧಾನವಾಗಿ ಓದಿ

ನಮ್ಮ ಎರಡನೇ ಸಲದ ಕೆಲಸಕ್ಕೆ ಬಂದ ಆಚಾರಿಗೆ ಎಪ್ಪತ್ತು ದಾಟಿತ್ತು. ಕೆಟ್ಟ ದಾರಂದ ನೋಡಿ ಅಂದದ್ದು ಇಷ್ಟು. "ಮರ ಬದುಕಿದ್ದಾಗ್ಲೂ ಕಾಲಲ್ಲೇ ನೀರು ಕುಡೀತದೆ, ಕಡಿದ್ ಮೇಲೂ ಕಾಲಲ್ಲೇ ಕುಡೀತದೆ." ಮರದ ನಾರು ಉದ್ದಕ್ಕೆ ಕೊಳವೆ ಇದ್ದ ಹಾಗೆ. ಅಡ್ಡ ಕೊಯ್ದ ತುದಿಯಲ್ಲಿ ಆ ಕೊಳವೆಗಳ ಬಾಯಿ ತೆರೆದಿರುತ್ತದೆ. ಪಕ್ಕದ ಮೈಗಿಂತ ಎಷ್ಟೋ ಪಟ್ಟು ಬೇಗ ನೀರು ಎಳೆಯುವುದು ಆ ತುದಿಯೇ. ದಾರಂದದ ಎರಡು ಕಾಲು ಅಂಥ ತುದಿಗಳು. ನಾವು ಅವನ್ನು ಕಾಂಕ್ರೀಟಿನಲ್ಲಿ ಹೂತಿದ್ದೆವು.

ಮರದಲ್ಲಿ ತೇವ 20 ಶೇಕಡಾಕ್ಕಿಂತ ಕಡಿಮೆ ಇದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ನಮ್ಮ ಮಳೆಗಾಲದ ಗಾಳಿಯಲ್ಲೇ ತೇವ ಎಷ್ಟಿದೆಯೆಂದರೆ, ಒಂದು ಹನಿ ತಾಗದಿದ್ದರೂ ಮರ 18, 19ರ ಹತ್ತಿರ ಬಂದು ನಿಂತಿರುತ್ತದೆ. ಅದಕ್ಕೇ ಆಗ ಬಾಗಿಲು ಬಿಗಿಯಾಗುವುದು. ಅಂಚಿನಲ್ಲಿ ನಿಂತವನನ್ನು ತಳ್ಳಲು ಒಂದು ಬೆರಳು ಸಾಕಲ್ವಾ? ಹಾಗಾಗಿ ಇಲ್ಲಿ ಮರಕ್ಕೆ ನೀರು ತಾಗಿದರೂ ತಕ್ಷಣ ಆರುವ ಹಾಗೆ ಮಾಡಬೇಕು.

ಮಾಡುವ ಕ್ರಮ ಹೀಗೆ.

ಹೊಸ್ತಿಲು ಮರದ್ದು ಬೇಡ, ಕಲ್ಲಿನದು ಇರಲಿ. ಒಂದೇ ತುಂಡಿನ ಗ್ರಾನೈಟ್ ಅಥವಾ ಊರಿನ ಕರಿಕಲ್ಲು. ಒಳನೆಲಕ್ಕಿಂತ ಅದು ಹೆಚ್ಚೆಂದರೆ 12 ಮಿ.ಮೀ. ಎದ್ದಿರಲಿ, ಎರಡೂ ಅಂಚು ಇಳಿಜಾರಾಗಿ ತೀಡಿರಲಿ. ಅಷ್ಟನ್ನು ಗಾಲಿ ಸಲೀಸಾಗಿ ದಾಟುತ್ತದೆ. ಹೊರಮೈಗೆ ಸಣ್ಣ ಇಳುಕಲು ಕೊಡಿ, ಅಡಿಯಲ್ಲಿ ಒಂದು ಗೀರು ಕೊರೆಯಿಸಿ. ಹನಿ ಆ ಗೀರಿಗೆ ಬಂದು ಉದುರುತ್ತದೆ, ಒಳಗೆ ಎಳೆಯುವುದಿಲ್ಲ.

ಆ ಕಲ್ಲಿನ ಎರಡೂ ತುದಿಯಲ್ಲಿ 3 ಇಂಚು ಎತ್ತರದ ಕಲ್ಲಿನ ಗಟ್ಟಿ ಇರಿಸಿ. ಹಳೇ ಮನೆಯ ಕಂಬಗಳು ಕಲ್ಲಿನ ಮೇಲೆ ನಿಂತಿರುವುದನ್ನು ನೋಡಿದ್ದೀರಲ್ಲ, ಅದೇ ಬುದ್ಧಿ. ದಾರಂದದ ಕಾಲು ಅದರ ಮೇಲೆ ಕೂರಲಿ. ಹಿಡಿತಕ್ಕೆ ನಡುವೆ ಒಂದು ಸ್ಟೀಲ್ ಕಡ್ಡಿ, ತುಕ್ಕು ಹಿಡಿಯದ್ದು. ಕೂರಿಸುವ ಮೊದಲು ಕೊಯ್ದ ತುದಿಗೆ ನೀರು ಬಿಡದ ಎಪಾಕ್ಸಿ ಅಂಟನ್ನು ಎರಡು ಮೂರು ಸಲ ಬಳಿಯಿರಿ. ಸುತ್ತ ಸಿಮೆಂಟ್ ಮೆತ್ತಿ ಬಟ್ಟಲು ಮಾಡಬೇಡಿ. ಮೇಸ್ತ್ರಿಗಳು ಚೆಂದಕ್ಕೆಂದು ಇದನ್ನು ಮಾಡಿಯೇ ತೀರುತ್ತಾರೆ, ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ಹೊಸ್ತಿಲ ಹೊರಗೆ, ಅದಕ್ಕೆ ತಾಗಿದ ಹಾಗೆ, ಬಾಗಿಲಿನ ಅಗಲಕ್ಕಿಂತ ಎರಡೂ ಕಡೆ ಒಂದೊಂದು ಅಡಿ ಉದ್ದಕ್ಕೆ ಚರಂಡಿ. 6ರಿಂದ 8 ಇಂಚು ಅಗಲ, 6 ಇಂಚು ಆಳ. ಮೇಲೆ ಕಬ್ಬಿಣದ ಜಾಲರಿ, ಸತು ಲೇಪ ಇದ್ದರೆ ಒಳ್ಳೆಯದು. ಪಟ್ಟಿಗಳ ನಡುವಿನ ಸಂದು 12 ಮಿ.ಮೀ. ಮೀರಬಾರದು, ಪಟ್ಟಿಗಳು ನಡೆಯುವ ದಿಕ್ಕಿಗೆ ಅಡ್ಡ ಇರಬೇಕು. ಉದ್ದಕ್ಕೆ ಇಟ್ಟರೆ ಕುರ್ಚಿಯ ಮುಂದಿನ ಸಣ್ಣ ಗಾಲಿ, ಊರುಗೋಲಿನ ತುದಿ ಎರಡೂ ಸಿಕ್ಕಿಕೊಳ್ಳುತ್ತವೆ. ಜಾಲರಿ ಎತ್ತಿ ತೊಳೆಯುವ ಹಾಗಿರಲಿ. ನೀರು ಹೊರಗೆ ಹೋಗುವ ಪೈಪು 4 ಇಂಚಿನದು, ಇನ್ನೊಂದು ತುದಿ ಕಣ್ಣಿಗೆ ಕಾಣುವ ಕಡೆ ತೆರೆದುಕೊಳ್ಳಲಿ. ಕಟ್ಟಿಕೊಂಡರೆ ಗೊತ್ತಾಗಬೇಕಲ್ಲ.

ಸಪಾಟು ಜಾಗ ಎಂದೆನಲ್ಲ, ಅದು ಪೂರ್ತಿ ಸಪಾಟಲ್ಲ. ಬಾಗಿಲಿನಿಂದ ಹೊರಕ್ಕೆ 50ಕ್ಕೆ 1ರಷ್ಟು ಇಳುಕಲು. 5 ಅಡಿಗೆ ಒಂದೂಕಾಲು ಇಂಚು. ಕುರ್ಚಿಗೆ ಗೊತ್ತಾಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ.

ಅಮ್ಮನಿಗೆ ಒಂದೇ ಬೇಸರ ಇತ್ತು. ಮರದ ಹೊಸ್ತಿಲಿಲ್ಲದೆ ಅರಿಶಿನ ಕುಂಕುಮ ಎಲ್ಲಿಗೆ ಹಚ್ಚುವುದು ಎಂದು. ಈಗ ಕಲ್ಲಿನ ಗಟ್ಟಿಗೆ ಹಚ್ಚುತ್ತಾಳೆ, ಕುರ್ಚಿಯಲ್ಲಿ ಕೂತೇ ಕೈಗೆ ಸಿಗುತ್ತದೆ. ರಂಗೋಲಿ ಜಾಲರಿಯ ಈಚೆಗೆ.

5. ದಾರಿ ಮನೆಗೆ ತಾಗಬಾರದು

ಇಳಿಜಾರು ದಾರಿಯನ್ನು ಗೋಡೆಗೆ ಒರಗಿಸಿ ಕಟ್ಟುವುದು ಸುಲಭ, ಹಾಗೇ ಕೇಡು. ಗೋಡೆಗೂ ದಾರಿಗೂ ನಡುವೆ ಕನಿಷ್ಠ 4 ಇಂಚು ಸಂದು ಬಿಡಿ, ಅದರಲ್ಲಿ ಜಲ್ಲಿ ತುಂಬಿ. ನೀರು ಇಂಗುತ್ತದೆ, ಚಿಮ್ಮುವುದು ಕಡಿಮೆ. ಇನ್ನೊಂದು ದೊಡ್ಡ ಕಾರಣ ಗೆದ್ದಲು. ಅದು ಮಣ್ಣಿನ ಕೊಳವೆ ಕಟ್ಟಿಕೊಂಡು ಕಲ್ಲಿನ ಮೇಲೆ ಹತ್ತಿ ಮರ ಸೇರುತ್ತದೆ. ಕಲ್ಲಿನ ಪಟ್ಟಿ ಬರಿಗಣ್ಣಿಗೆ ಕಾಣುತ್ತಿದ್ದರೆ ಕೊಳವೆ ಕಂಡ ದಿನವೇ ಒಡೆಯಬಹುದು. ಮುಚ್ಚಿಹೋದರೆ ಮರ ಟೊಳ್ಳಾದ ಮೇಲೆಯೇ ಸುದ್ದಿ.

ದಾರಿಯ ಮೇಲ್ಮೈ ಒರಟಾಗಿರಲಿ. ಹಸಿ ಕಾಂಕ್ರೀಟಿಗೆ ಕಡ್ಡಿ ಪೊರಕೆಯಲ್ಲಿ ಅಡ್ಡ ಗೆರೆ ಎಳೆದರೆ ಸಾಕು. ಹೊಳಪಿನ ಟೈಲ್ಸ್ ಬೇಡವೇ ಬೇಡ. ಮರದ ಹಲಗೆಯ ದಾರಿ ಫೋಟೋಗೆ ಚೆಂದ, ಆಗಸ್ಟ್‌ನಲ್ಲಿ ಸೋಪು ಸವರಿದ ಹಾಗೆ ಜಾರುತ್ತದೆ. ಮಳೆಗಾಲದ ಮುಂಚೆ ಒಮ್ಮೆ, ನಡುವೆ ಒಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ ಪಾಚಿ ತೆಗೆಯಿರಿ. ದಾರಿಯ ಎರಡೂ ಅಂಚಿಗೆ 3 ಇಂಚಿನ ಕಟ್ಟೆ ಇದ್ದರೆ ಗಾಲಿ ಕೆಳಗೆ ಇಳಿಯುವುದಿಲ್ಲ, ಆದರೆ ಕಟ್ಟೆಯಲ್ಲಿ ಅಲ್ಲಲ್ಲಿ ನೀರು ಹೋಗಲು ಕಂಡಿ ಬಿಡಿ.

6. ಮರದ ಗೋಡೆಯ ಬುಡ

ಒಂದು ಅಡಿಯ ಕಲ್ಲಿನ ಪಟ್ಟಿಯ ಮೇಲೆ ಡಾಂಬರು ಹಾಳೆ ಹಾಸಿ, ಅದರ ಮೇಲೆ ಮರದ ಅಡಿಪಟ್ಟಿ. ಹಾಳೆ ಇಲ್ಲದಿದ್ದರೆ ಜಂಬಿಟ್ಟಿಗೆ ನೆಲದ ಪಸೆಯನ್ನು ಹೀರಿ ಮರಕ್ಕೆ ಕೊಡುತ್ತದೆ. ಹೊರಗಿನ ಹಲಗೆ ಕಲ್ಲಿನ ಪಟ್ಟಿಗಿಂತ ಒಂದು ಇಂಚು ಮುಂದೆ ಚಾಚಿ, ಕೆಳಕ್ಕೆ ಇಳಿದು, ಅಂಚು ಓರೆಯಾಗಿರಲಿ. ನೀರು ಪಟ್ಟಿಯ ಮೇಲೆ ಕೂರದೆ ಉದುರಬೇಕು. ಹಲಗೆಯ ಹಿಂದೆ ಒಂದು ಇಂಚು ಗಾಳಿ ಆಡುವ ಜಾಗ ಬಿಟ್ಟು, ಮೇಲೂ ಕೆಳಗೂ ಜಾಲರಿ ಹೊಡೆಯಿರಿ, ಇಲಿ ಹೋಗದ ಹಾಗೆ.

ಮರ ಯಾವುದು? ಹೊರಗಿನ ಬಿಳಿ ಭಾಗ ಯಾವ ಜಾತಿಯದ್ದಾದರೂ ಬಾಳುವುದಿಲ್ಲ, ಒಳಗಿನ ಕೆಚ್ಚು ಬೇಕು. ಸಾಗುವಾನಿ, ಬೋಗಿ, ಹೊನ್ನೆ ಸಿಕ್ಕರೆ ಪುಣ್ಯ. ಸಿಲ್ವರ್ ಓಕ್, ರಬ್ಬರ್ ಮರ ಬುಡಕ್ಕೆ ಬೇಡ. ಔಷಧಿ ಹಾಕಿದ ಮರ ಕೊಳ್ಳುವುದಾದರೆ ಒತ್ತಡದಲ್ಲಿ ಒಳಗಿಳಿಸಿದ್ದೇ ಎಂದು ಕೇಳಿ, ಮೇಲೆ ಬಳಿದದ್ದು ಮಳೆಗೆ ನಿಲ್ಲುವುದಿಲ್ಲ. ಬೋರಾಕ್ಸ್ ನೀರಲ್ಲಿ ಕರಗಿ ಹೋಗುತ್ತದೆ, ಅದು ಒಳಗಿನ ಮರಕ್ಕೆ ಮಾತ್ರ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಔಷಧಿ ಬಹಳ ಗಟ್ಟಿ. ಅದನ್ನು ಜಗತ್ತಿಗೆ ಕೊಟ್ಟದ್ದು ನಮ್ಮವರೇ, ಡೆಹ್ರಾಡೂನಿನಲ್ಲಿದ್ದ ವಿಜ್ಞಾನಿ ಸೋಂಟಿ ಕಾಮೇಶಂ, 1933ರಲ್ಲಿ. ಆದರೆ ಅದರಲ್ಲಿ ವಿಷ ಇದೆ. ಕೈ ಹಿಡಿಯುವ ಕಟಕಟೆಗೆ, ಮಕ್ಕಳು ಕೂರುವ ಜಾಗಕ್ಕೆ ಬೇಡ. ಅದರ ಚೂರುಗಳನ್ನು ಬಚ್ಚಲ ಒಲೆಗೆ ಹಾಕಲೇಬೇಡಿ.

7. ಬಚ್ಚಲು

ಹೊರಬಾಗಿಲಿಗೆ ಇಷ್ಟೆಲ್ಲ ಮಾಡಿ ಬಚ್ಚಲಿಗೆ ನಾಲ್ಕು ಇಂಚಿನ ಕಟ್ಟೆ ಬಿಟ್ಟವರನ್ನು ನೋಡಿದ್ದೇನೆ. ಕಟ್ಟೆ ತೆಗೆಯಿರಿ, ಆದರೆ ಮರದ ನೆಲದ ಮೇಲೆ ಬಚ್ಚಲು ಮಾಡಬೇಡಿ. ಆ ಕೋಣೆಯ ನೆಲವನ್ನೂ, ಗೋಡೆಯ ಕೆಳಗಿನ ನಾಲ್ಕು ಅಡಿಯನ್ನೂ ಕಲ್ಲಿನಲ್ಲೇ ಕಟ್ಟಿ. ಇಳುಕಲು ಬಾಗಿಲಿನಿಂದ ದೂರಕ್ಕೆ ಇರಲಿ, ಬಾಗಿಲ ಗೆರೆಯಲ್ಲಿ ಇನ್ನೊಂದು ಸಣ್ಣ ಉದ್ದನೆಯ ಜಾಲರಿ. ಇಲ್ಲೂ ದಾರಂದದ ಕಾಲಿಗೆ ಕಲ್ಲಿನ ಗಟ್ಟಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಬಿದ್ದರೂ ತೆಗೆಯಬಹುದು.

ಹಳೇ ಮನೆ ಇದ್ದರೆ

ಹಳೇ ಮನೆಯ ಕಂಬದ ಸುತ್ತ, ಮರದ ಗೋಡೆಯ ಪಕ್ಕ ಮಣ್ಣು ತುಂಬಬೇಡಿ. ನೂರು ವರ್ಷ ಬಾಳಿದ ಮರ ನಿಮ್ಮ ಎರಡು ಲೋಡ್ ಮಣ್ಣಿಗೆ ಐದು ವರ್ಷದಲ್ಲಿ ಹೋಗುತ್ತದೆ. ಅದರ ಬದಲು ಜಗಲಿಯಿಂದ ಬಿಡಿಯಾಗಿ ನಿಲ್ಲುವ ದಾರಿ ಕಟ್ಟಿ. ಕಬ್ಬಿಣದ ಕಾಲು, ಮೇಲೆ ರಂಧ್ರ ಇರುವ ಕಬ್ಬಿಣದ ಹಾಳೆ, ಎರಡೂ ಬದಿಗೆ ಕಟಕಟೆ. ನೀರು ಕೆಳಗೆ ಸೋರುತ್ತದೆ, ಅಡಿಯಲ್ಲಿ ಗಾಳಿ ಆಡುತ್ತದೆ, ಪಾಚಿ ಕಡಿಮೆ. ಎತ್ತಿದ ಮರದ ಹೊಸ್ತಿಲನ್ನು ಕೀಳಲು ಮನಸ್ಸಿಲ್ಲದಿದ್ದರೆ, ಎರಡೂ ಕಡೆ ಓರೆಯ ಸಣ್ಣ ಹಲಗೆ ಇಟ್ಟು ದಾಟಿಸಿ, ಮಳೆಗಾಲದಲ್ಲಿ ರಾತ್ರಿ ತೆಗೆದು ಒಳಗಿಡಿ. ಹಲಗೆಯ ಕೆಳಗೆ ನೀರು ಸಿಕ್ಕಿಕೊಂಡರೆ ಹೊಸ್ತಿಲೇ ಹೋಗುತ್ತದೆ.

ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ

ಮಳೆ ಬಿಟ್ಟು ಹದಿನೈದು ದಿನ ಆದಮೇಲೆ ಒಂದು ಬೆಳಿಗ್ಗೆ ಇದಕ್ಕೆ ಇಡಿ. ದಾರಂದದ ಎರಡು ಕಾಲು, ಗೋಡೆಯ ಮೂಲೆಗಳು, ದಂಬೆಯ ಕೆಳಗಿನ ಹಲಗೆ, ಇಷ್ಟಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಎರಡು ಮುಳ್ಳು ಚುಚ್ಚಿದರೆ ಅಂಕಿ ತೋರಿಸುತ್ತದೆ. ನವೆಂಬರ್ ಕಳೆದರೂ 20ರ ಮೇಲಿದ್ದರೆ ಎಲ್ಲೋ ನೀರು ಒಸರುತ್ತಿದೆ ಎಂದರ್ಥ. ಬಣ್ಣ ಬಳಿದು ಮುಚ್ಚಬೇಡಿ, ಹುಡುಕಿ. ಜಾಲರಿ ಎತ್ತಿ ಚರಂಡಿಯ ಕಸ ತೆಗೆಯಿರಿ. ನಮ್ಮಲ್ಲಿ ಕಳೆದ ಸಲ ಸಿಕ್ಕಿದ್ದು ಒಂದು ಬುಟ್ಟಿ ಹಲಸಿನ ಎಲೆ, ಎರಡು ಗೋಲಿ, ಮತ್ತು ಅಮ್ಮ ಮೂರು ತಿಂಗಳಿಂದ ಹುಡುಕುತ್ತಿದ್ದ ಅಡಕತ್ತರಿ.